ನ್ಯುಮೋನಿಯಾ: ಹೆಸರು ಒಂದೇ, ರೋಗಾಣು ಹಲವು

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಶ್ರೀರಂಗಪಟ್ಟಣ ದಾಟಿದೊಡನೆ ಸಿಗುವ ಪಾಂಡವಪುರಕ್ಕೆ ಮೂರು ಹೆಸರು. ಹಳಬರ ಬಾಯಲ್ಲಿ ಅದು ಹಿರೋಡೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನನ ಕಡೆ ಇದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ಕಾಗದಪತ್ರಗಳಲ್ಲಿ ಅದು ಫ್ರೆಂಚ್ ರಾಕ್ಸ್. ಪಾಂಡವರು ಇಲ್ಲಿ ತಂಗಿದ್ದರೆಂಬ ಐತಿಹ್ಯದಿಂದ ಬಂದದ್ದು ಈಗಿನ ಹೆಸರು. ಪಕ್ಕದ ಕೃಷ್ಣರಾಜಪೇಟೆಯೂ ಅಷ್ಟೆ, ಹಿಂದೆ ಅದು ಅತ್ತಿಕುಪ್ಪೆ. ಊರು ಒಂದೇ, ಹೆಸರು ಹಲವು.

ನ್ಯುಮೋನಿಯಾದ ಕತೆ ಇದಕ್ಕೆ ತದ್ವಿರುದ್ಧ. ಇಲ್ಲಿ ಹೆಸರು ಒಂದೇ, ಅದರ ಹಿಂದೆ ಅಡಗಿರುವ ರೋಗಾಣುಗಳು ಹಲವು. ‘ನ್ಯುಮೋನಿಯಾ ಆಗಿದೆ’ ಎಂದು ವೈದ್ಯರು ಹೇಳಿದಾಗ ನಮಗೆ ತಿಳಿಯುವುದು ಕಾಯಿಲೆ ಎಲ್ಲಿದೆ ಎಂಬುದು ಮಾತ್ರ. ಅದನ್ನು ತಂದವರು ಯಾರು ಎಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದ 140 ವರ್ಷಗಳ ಇತಿಹಾಸದಲ್ಲಿ ನಮ್ಮ ಮಂಡ್ಯ ಸೀಮೆಗೂ ಪಾಲಿದೆ. 1918ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ಎದೆಯ ಕಾಯಿಲೆ ಈ ಭಾಗದ ಮನೆಬಾಗಿಲಿಗೆ ಬಂದಿತ್ತು. ಎರಡೂ ಸಲ ಅದು ಮುಂಬೈಯ ದಿಕ್ಕಿನಿಂದಲೇ ಬಂದದ್ದು ವಿಶೇಷ.

ಎಲ್ಲವೂ ಜ್ವರವೇ

ಶ್ರೀರಂಗಪಟ್ಟಣದ ಹೊರವಲಯದಲ್ಲಿ ಹಳೆಯ ಸೈನಿಕ ಸ್ಮಶಾನವೊಂದಿದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಇಲ್ಲಿ ಉಳಿದ ಬ್ರಿಟಿಷ್ ದಂಡಿನವರು, ಅವರ ಹೆಂಡತಿಯರು, ಎಳೆಯ ಮಕ್ಕಳು ಅಲ್ಲಿ ಮಣ್ಣಾಗಿದ್ದಾರೆ. ಯುದ್ಧದಲ್ಲಿ ಸತ್ತವರಿಗಿಂತ ರೋಗದಿಂದ ಸತ್ತವರೇ ಹೆಚ್ಚಾಗಿದ್ದ ಕಾಲವದು. ದ್ವೀಪದ ಹವೆ ಸರಿಯಿಲ್ಲವೆಂದು ಕೊನೆಗೆ ದಂಡನ್ನೇ ಬೆಂಗಳೂರಿಗೆ ಸಾಗಿಸಲಾಯಿತು.

ಆಗಿನವರ ಲೆಕ್ಕದಲ್ಲಿ ಇವೆಲ್ಲ ‘ಜ್ವರ’. ಸೊಳ್ಳೆಯಿಂದ ಬಂದ ಮಲೇರಿಯಾ, ನೀರಿನಿಂದ ಬಂದ ವಿಷಮಶೀತ ಜ್ವರ, ಎದೆಯೊಳಗೆ ಕೀವು ತುಂಬಿ ಬಂದ ನ್ಯುಮೋನಿಯಾ ಎಲ್ಲವೂ ಒಂದೇ ಕಂತೆ. ಕೆಟ್ಟ ಗಾಳಿಯೇ ಕಾರಣ ಎಂಬುದು ಸಾಮಾನ್ಯ ನಂಬಿಕೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯಾದ ಪರಾವಲಂಬಿಯನ್ನು ಸೊಳ್ಳೆಯೊಳಗೆ ಕಂಡ ಮೇಲೆಯೇ ಸೊಳ್ಳೆಯ ಜ್ವರ ಈ ಕಂತೆಯಿಂದ ಬೇರೆಯಾಗತೊಡಗಿತು.

ಹಳ್ಳಿಯ ತಾಯಂದಿರು ಮಾತ್ರ ನ್ಯುಮೋನಿಯಾದ ಗುರುತನ್ನು ಮೊದಲಿನಿಂದಲೂ ಬಲ್ಲರು. ‘ಮಗೂಗೆ ಎದೆ ಗೊರಗೊರ ಅಂತದೆ, ಪಕ್ಕೆ ಎಳೀತದೆ’ ಎನ್ನುವ ಮಾತಿನಲ್ಲಿ ರೋಗದ ಎರಡು ಮುಖ್ಯ ಲಕ್ಷಣಗಳೂ ಇವೆ. ಅದಕ್ಕೆ ನಾಡಿನ ಕೆಲವೆಡೆ ನಡೆಯುತ್ತಿದ್ದ ಉಪಚಾರ ಮಾತ್ರ ಕ್ರೂರವಾಗಿತ್ತು. ಕಾದ ಕಡ್ಡಿಯಿಂದ ಮಗುವಿನ ಹೊಟ್ಟೆಗೋ ಎದೆಗೋ ಬರೆ ಹಾಕುತ್ತಿದ್ದರು. ಲಕ್ಷಣ ತಿಳಿದಿದ್ದರೂ ಕಾರಣ ತಿಳಿಯದಿದ್ದುದರ ಫಲವಿದು.

ಶ್ವಾಸಕೋಶದೊಳಗೆ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಿವೆ. ನಾವು ಎಳೆದುಕೊಂಡ ಉಸಿರಿನ ಆಮ್ಲಜನಕ ರಕ್ತಕ್ಕೆ ಸೇರುವುದು ಇಲ್ಲಿಯೇ. ಸೋಂಕು ತಗುಲಿ ಈ ಚೀಲಗಳಲ್ಲಿ ನೀರು, ಕೀವು ತುಂಬಿಕೊಂಡರೆ ಅದು ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಬೇರೆ ಕಾಯಿಲೆಗೆ ಮಲಗಿದವರಿಗೆ ಅಂಟುವುದು ಒಂದು ಬಗೆ. ಮನೆ, ಶಾಲೆ, ಬಸ್ಸು, ಹೊಲಗಳಲ್ಲಿ ಓಡಾಡಿಕೊಂಡಿದ್ದವರಿಗೆ ಬರುವುದು ಇನ್ನೊಂದು ಬಗೆ. ಇವೆರಡರ ರೋಗಾಣುಗಳೂ ಬಹುಮಟ್ಟಿಗೆ ಬೇರೆ. ಇಲ್ಲಿ ಹೇಳುತ್ತಿರುವುದು ಎರಡನೆಯ ಬಗೆಯ ಕತೆ.

ಬಾಯೊಳಗಿದ್ದ ಶತ್ರು

ಮೊದಲ ಸುಳಿವು ಸಿಕ್ಕಿದ್ದು ರೋಗಿಯ ಎದೆಯಲ್ಲಲ್ಲ, ಎಂಜಲಿನಲ್ಲಿ. 1880ರ ಕೊನೆಯ ತಿಂಗಳುಗಳಲ್ಲಿ ಇಬ್ಬರು ವಿಜ್ಞಾನಿಗಳು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಬಗೆಯ ಪ್ರಯೋಗ ಮಾಡಿದರು. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಾಯಿಲೆಯಿಂದ ಸತ್ತ ಮಗುವಿನ ಜೊಲ್ಲನ್ನು ಮೊಲಕ್ಕೆ ಚುಚ್ಚಿದ. ಅಮೆರಿಕದ ಸೇನಾ ವೈದ್ಯ ಜಾರ್ಜ್ ಸ್ಟರ್ನ್‌ಬರ್ಗ್ ತನ್ನದೇ ಎಂಜಲನ್ನು ಚುಚ್ಚಿದ. ಎರಡೂ ಕಡೆ ಮೊಲಗಳು ಸತ್ತವು. ಅವುಗಳ ರಕ್ತದಲ್ಲಿ ಜೋಡಿಜೋಡಿಯಾಗಿ ನಿಂತ ಗುಂಡನೆಯ ಜೀವಾಣುಗಳು ಕಂಡವು. 1881ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಇಂದು ನಾವು ನ್ಯುಮೋಕಾಕಸ್ ಎಂದು ಕರೆಯುವ ಬ್ಯಾಕ್ಟೀರಿಯಾ ಅದೇ.

ಸ್ಟರ್ನ್‌ಬರ್ಗ್ ಆರೋಗ್ಯವಾಗಿಯೇ ಇದ್ದ ಎಂಬುದು ಗಮನಾರ್ಹ. ಅಂದರೆ ಕೊಲ್ಲಬಲ್ಲ ರೋಗಾಣು ಏನೂ ಆಗದವರ ಬಾಯಿ, ಮೂಗು, ಗಂಟಲಿನಲ್ಲಿ ಸುಮ್ಮನೆ ಕುಳಿತಿರಬಹುದು. ಅದು ಬಹಳ ಮಕ್ಕಳ ಮೂಗಿನಲ್ಲಿ ವಾಸವಿರುತ್ತದೆ ಎಂಬುದು ಈಗ ಎಲ್ಲ ವೈದ್ಯರಿಗೂ ಗೊತ್ತು. ದೇಹದ ಕಾವಲು ಸಡಿಲಾದಾಗ ಅದು ಗಂಟಲಿನಿಂದ ಎದೆಗೆ ಇಳಿಯುತ್ತದೆ.

ಬರ್ಲಿನ್ನಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ನ್ಯುಮೋನಿಯಾಕ್ಕೆ ಕಾರಣ ತಾನು ಕಂಡ ಜೀವಾಣು ಎಂದು ಕಾರ್ಲ್ ಫ್ರೀಡ್‌ಲ್ಯಾಂಡರ್ ಹೇಳಿದರೆ, ಅಲ್ಲ, ತಾನು ಕಂಡದ್ದು ಎಂದು ಆಲ್ಬರ್ಟ್ ಫ್ರೆಂಕೆಲ್ ವಾದಿಸಿದ. ಇಬ್ಬರೂ ಸರಿಯೇ ಇದ್ದರು. ಫ್ರೆಂಕೆಲ್ ಹೇಳಿದ್ದು ನ್ಯುಮೋಕಾಕಸ್, ಫ್ರೀಡ್‌ಲ್ಯಾಂಡರ್ ಕಂಡದ್ದು ಈಗ ಕ್ಲೆಬ್ಸಿಯೆಲ್ಲಾ ಎನ್ನುವ ಬೇರೊಂದು ಬ್ಯಾಕ್ಟೀರಿಯಾ. ಒಂದು ರೋಗಕ್ಕೆ ಒಂದೇ ರೋಗಾಣು ಇರಬೇಕೆಂಬ ಹಟ ಮೊದಲು ಮುರಿದದ್ದು ಇಲ್ಲಿ.

ಫ್ರೀಡ್‌ಲ್ಯಾಂಡರ್‌ನ ಪ್ರಯೋಗಾಲಯದಲ್ಲೇ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ತರುಣ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ, ಸತ್ತವರ ಶ್ವಾಸಕೋಶದ ತುಣುಕುಗಳಿಗೆ ಬಣ್ಣ ಹಾಕಿ ನೋಡುವ ವಿಧಾನವನ್ನು 1884ರಲ್ಲಿ ಪ್ರಕಟಿಸಿದ. ಕೆಲವು ಬ್ಯಾಕ್ಟೀರಿಯಾಗಳು ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಂಡವು, ಕೆಲವು ಬಿಟ್ಟುಕೊಟ್ಟವು. ಈ ‘ಗ್ರಾಂ ಬಣ್ಣ’ ಇಂದಿಗೂ ಪ್ರಪಂಚದ ಎಲ್ಲ ಪ್ರಯೋಗಾಲಯಗಳಲ್ಲಿ ಮೊದಲ ಪರೀಕ್ಷೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇರಲಿ, ಮಂಡ್ಯ, ಮೈಸೂರಿನ ಕಾಲೇಜುಗಳಿರಲಿ, ವೈದ್ಯಕೀಯ ವಿದ್ಯಾರ್ಥಿ ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು. ಅದು ಹುಟ್ಟಿದ್ದು ನ್ಯುಮೋನಿಯಾದ ಹುಡುಕಾಟದಲ್ಲಿ ಎಂಬುದು ಬಹಳ ಮಂದಿಗೆ ತಿಳಿಯದು.

1918: ತಪ್ಪು ಆರೋಪಿ

ಇಷ್ಟೆಲ್ಲ ತಿಳಿದಿದ್ದರೂ 1918 ಬಂದಾಗ ವೈದ್ಯ ಜಗತ್ತು ತಬ್ಬಿಬ್ಬಾಯಿತು. ಆ ವರ್ಷ ಜೂನ್ ಹೊತ್ತಿಗೆ ಹಡಗಿನಲ್ಲಿ ಬಂದವರ ಜೊತೆ ಇನ್‌ಫ್ಲುಯೆಂಜಾ ಮುಂಬೈ ಬಂದರಿಗೆ ಇಳಿಯಿತು. ರೈಲುಹಾದಿಗಳನ್ನು ಹಿಡಿದು ದೇಶದ ಒಳಗೆ ಹಬ್ಬಿತು. ಸೆಪ್ಟೆಂಬರ್ ನಂತರದ ಎರಡನೆಯ ಅಲೆ ಭೀಕರವಾಗಿತ್ತು. ಭಾರತದಲ್ಲಿ ಒಟ್ಟು ಸತ್ತವರು 1.2 ಕೋಟಿಯಿಂದ 1.8 ಕೋಟಿ ಎಂದು ಅಂದಾಜು.

ಆಗ ಶ್ರೀರಂಗಪಟ್ಟಣ, ಫ್ರೆಂಚ್ ರಾಕ್ಸ್, ಕೆ.ಆರ್. ಪೇಟೆ, ನಾಗಮಂಗಲಗಳೆಲ್ಲ ಮೈಸೂರು ಜಿಲ್ಲೆಯಲ್ಲಿದ್ದವು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ತಿಂಗಳುಗಳವು. ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಇನ್ನೂ ನಡೆದಿತ್ತು. ಸಾಲದೆಂಬಂತೆ ಆ ವರ್ಷ ಮುಂಗಾರು ಕೈಕೊಟ್ಟಿತು, ಧಾನ್ಯದ ಬೆಲೆ ಏರಿತು. ಹಸಿದ ಮೈಗೆ ಜ್ವರ ಹತ್ತಿತು. ಸಂಸ್ಥಾನದ ಸರ್ಕಾರ ಔಷಧಿ ಹಂಚಿತು, ಬಡವರಿಗೆ ಗಂಜಿಯ ವ್ಯವಸ್ಥೆ ಮಾಡಿತು. ಆದರೆ ಔಷಧಿ ಎಂಬುದು ಮೈನೋವು ಕಡಿಮೆ ಮಾಡುವ ಉಪಶಮನವೇ ಹೊರತು ರೋಗಾಣುವನ್ನು ಕೊಲ್ಲುವ ಮದ್ದಾಗಿರಲಿಲ್ಲ. ಅಂಥ ಮದ್ದು ಆಗ ಪ್ರಪಂಚದಲ್ಲಿ ಎಲ್ಲೂ ಇರಲಿಲ್ಲ.

ಜನಗಣತಿಯ ಅಂಕಿಗಳು ಆ ಕಾಲದ ನೋವನ್ನು ಹೇಳುತ್ತವೆ. 1911ರಲ್ಲಿ ಸುಮಾರು 58 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1921ರಲ್ಲಿ 60 ಲಕ್ಷವನ್ನೂ ಮುಟ್ಟಲಿಲ್ಲ. ಹತ್ತು ವರ್ಷದಲ್ಲಿ ಹೆಚ್ಚಿದ್ದು ಶೇ 3ರಷ್ಟು ಮಾತ್ರ. ಇಡೀ ಭಾರತದ ಜನಸಂಖ್ಯೆಯಂತೂ ಆ ದಶಕದಲ್ಲಿ ಇಳಿಯಿತು. ಆಮೇಲೆ ಯಾವ ದಶಕದಲ್ಲೂ ಹಾಗಾಗಿಲ್ಲ. ಸತ್ತವರಲ್ಲಿ 20ರಿಂದ 40 ವರ್ಷದೊಳಗಿನ ಗಟ್ಟಿಮುಟ್ಟಾದವರೇ ಬಹಳ. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಕಾಯಿಲೆಯವರ ಶುಶ್ರೂಷೆ ಮಾಡುತ್ತ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದವರು ಅವರೇ ತಾನೆ.

ಯಾವ ರೋಗಾಣು ಇದಕ್ಕೆ ಕಾರಣ? ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲೇ ಒಂದು ಬ್ಯಾಕ್ಟೀರಿಯಾವನ್ನು ತೋರಿಸಿ ಇನ್‌ಫ್ಲುಯೆಂಜಾ ತರುವುದು ಇದೇ ಎಂದಿದ್ದ. 1918ರಲ್ಲಿ ಎಲ್ಲರೂ ಅದನ್ನೇ ಹುಡುಕಿದರು. ಕೆಲವು ರೋಗಿಗಳಲ್ಲಿ ಅದು ಸಿಕ್ಕಿತು, ಹಲವರಲ್ಲಿ ಸಿಗಲಿಲ್ಲ. ಅದರ ವಿರುದ್ಧ ಲಸಿಕೆಯನ್ನೂ ತಯಾರಿಸಿದರು. ಆರೋಪಿ ತಪ್ಪಾಗಿತ್ತು. ನಿಜವಾದ ಕಾರಣ ಆಗಿನ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಚಿಕ್ಕದಾದ ವೈರಸ್. ಮನುಷ್ಯರಲ್ಲಿ ಅದನ್ನು ಪತ್ತೆ ಹಚ್ಚಿದ್ದು 1933ರಲ್ಲಿ, ಲಂಡನ್ನಿನಲ್ಲಿ. ಫೈಫರ್ ಕಂಡ ಬ್ಯಾಕ್ಟೀರಿಯಾಕ್ಕೆ ಮಾತ್ರ ‘ಹೀಮೊಫಿಲಸ್ ಇನ್‌ಫ್ಲುಯೆಂಜಾ’ ಎಂಬ ತಪ್ಪು ಹೆಸರು ಇಂದಿಗೂ ಅಂಟಿಕೊಂಡಿದೆ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 1918ರಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ಅಮೆರಿಕದಲ್ಲಿ ಜೋಪಾನವಾಗಿ ಇಟ್ಟಿದ್ದರು. ಅಂಥ 58 ಮಾದರಿಗಳನ್ನು ಅಲ್ಲಿನ ವಿಜ್ಞಾನಿಗಳು ಮತ್ತೆ ಪರೀಕ್ಷಿಸಿ 2008ರಲ್ಲಿ ವರದಿ ಕೊಟ್ಟರು. ಹೆಚ್ಚುಕಡಿಮೆ ಎಲ್ಲದರಲ್ಲೂ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇತ್ತು. ವೈರಸ್ ಉಸಿರುನಾಳದ ಒಳಪದರವನ್ನು ಕೆಡವಿ ದಾರಿ ಮಾಡಿತ್ತು. ಗಂಟಲಿನಲ್ಲಿ ಸುಮ್ಮನಿದ್ದ ನ್ಯುಮೋಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟೆಫಿಲೊಕಾಕಸ್ಸುಗಳು ಆ ದಾರಿಯಲ್ಲಿ ಎದೆಗೆ ಇಳಿದಿದ್ದವು. ಬಾಗಿಲು ಮುರಿದವನು ಒಬ್ಬ, ಮನೆ ದೋಚಿದವನು ಇನ್ನೊಬ್ಬ. ಪೆನಿಸಿಲಿನ್ ಇದ್ದಿದ್ದರೆ ಆ ಸಾವುಗಳಲ್ಲಿ ಬಹಳಷ್ಟನ್ನು ತಪ್ಪಿಸಬಹುದಿತ್ತು.

ಮದ್ದು ಬಂತು, ಪಟ್ಟಿಯೂ ಬೆಳೆಯಿತು

ಆ ಮದ್ದು ಬರಲು ಹೆಚ್ಚು ವರ್ಷ ಬೇಕಾಗಲಿಲ್ಲ. 1938ರಲ್ಲಿ ಬ್ರಿಟನ್ನಿನ ಮೇ ಅಂಡ್ ಬೇಕರ್ ಕಂಪನಿಯ ‘ಎಂ ಅಂಡ್ ಬಿ 693’ ಎಂಬ ಸಲ್ಫಾ ಮಾತ್ರೆ ಬಳಕೆಗೆ ಬಂತು. 1943ರ ಡಿಸೆಂಬರಿನಲ್ಲಿ ಚರ್ಚಿಲ್‌ಗೆ ನ್ಯುಮೋನಿಯಾ ಆದಾಗ ಕೊಟ್ಟದ್ದು ಇದೇ ಮಾತ್ರೆ. ಹಿಂದೆಯೇ ಪೆನಿಸಿಲಿನ್ ಬಂತು. 1955ರ ಹೊತ್ತಿಗೆ ಪುಣೆ ಬಳಿಯ ಪಿಂಪ್ರಿಯ ಸರ್ಕಾರಿ ಕಾರ್ಖಾನೆಯಲ್ಲಿ ಭಾರತದಲ್ಲೇ ಅದು ತಯಾರಾಗತೊಡಗಿತು. ಒಂದು ಕಾಲಕ್ಕೆ ನ್ಯುಮೋಕಾಕಸ್ ತಗುಲಿದ ನಾಲ್ವರಲ್ಲಿ ಒಬ್ಬರು ಸಾಯುತ್ತಿದ್ದರು. ಈ ಮದ್ದುಗಳು ಆ ಲೆಕ್ಕವನ್ನೇ ಬದಲಾಯಿಸಿದವು.

ಆಗಲೇ ಹೊಸ ತೊಡಕು ಕಾಣಿಸಿಕೊಂಡಿತು. ಕೆಲವು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟರೂ ಪ್ರಯೋಜನವಾಗುತ್ತಿರಲಿಲ್ಲ. ಒಣಕೆಮ್ಮು, ತಲೆನೋವು, ಎದ್ದು ಓಡಾಡುವಷ್ಟು ಶಕ್ತಿ ಇದ್ದರೂ ಎಕ್ಸ್‌ರೇಯಲ್ಲಿ ಎದೆ ಬೆಳ್ಳಗೆ. ಕ್ಯಾಲಿಫೋರ್ನಿಯಾದ ಮನ್ರೋ ಈಟನ್ 1944ರಲ್ಲಿ ಇದರ ಸುಳಿವು ಕೊಟ್ಟ. ಅದು ಮೈಕೊಪ್ಲಾಸ್ಮಾ ಎಂಬ ಅತಿ ಪುಟ್ಟ ಜೀವಾಣು ಎಂದು ಖಚಿತವಾದದ್ದು 1962ರಲ್ಲಿ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕೆಡವಿ. ಮೈಕೊಪ್ಲಾಸ್ಮಾಕ್ಕೆ ಗೋಡೆಯೇ ಇಲ್ಲ. ಇಲ್ಲದ ಗೋಡೆಯನ್ನು ಕೆಡವುವುದು ಹೇಗೆ?

1976ರ ಜುಲೈಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ಒಮ್ಮೆಲೇ ನ್ಯುಮೋನಿಯಾ ಬಂತು. ಸುಮಾರು 30 ಮಂದಿ ಸತ್ತರು. ಆರು ತಿಂಗಳ ಹುಡುಕಾಟದ ಬಳಿಕ ನೀರಿನಲ್ಲಿ ಬೆಳೆಯುವ, ಹವಾನಿಯಂತ್ರಣದಂಥ ವ್ಯವಸ್ಥೆಗಳ ಮೂಲಕ ಹರಡಬಲ್ಲ ಲೀಜನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತು. ನಮ್ಮ ರಾಜ್ಯದ ಕರಾವಳಿಯಲ್ಲಿ ಮಳೆಗಾಲದ ಹಸಿಮಣ್ಣಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕು ಕೂಡ ನ್ಯುಮೋನಿಯಾದ ವೇಷದಲ್ಲಿ ಬರುತ್ತದೆ. ಸಕ್ಕರೆ ಕಾಯಿಲೆಯಿರುವ ರೈತರಿಗೆ ಅದರ ಅಪಾಯ ಹೆಚ್ಚು. ಇನ್ನು ಕ್ಷಯದ ರೋಗಾಣುವೂ ಕೆಲವೊಮ್ಮೆ ಸಾಮಾನ್ಯ ನ್ಯುಮೋನಿಯಾದಂತೆ ಕಾಣಿಸಿಕೊಂಡು ವೈದ್ಯರನ್ನು ಏಮಾರಿಸುತ್ತದೆ. ದಡಾರ, ಇನ್‌ಫ್ಲುಯೆಂಜಾ, ಎಳೆಮಕ್ಕಳನ್ನು ಕಾಡುವ ಆರ್‌ಎಸ್‌ವಿ, 2003ರ ಸಾರ್ಸ್ ಹೀಗೆ ವೈರಸ್ಸುಗಳ ಪಟ್ಟಿ ಬೇರೆಯೇ ಇದೆ.

2020: ಮತ್ತೆ ಮುಂಬೈ ದಾರಿ

ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಿಗೆ ಮುಂಬೈ ದೂರದ ಊರಲ್ಲ. ದುಡಿಮೆ ಅರಸಿ ಅಲ್ಲಿಗೆ ಹೋದವರ ಬಂಧುಗಳು ಇಲ್ಲಿ ಊರೂರಿನಲ್ಲೂ ಇದ್ದಾರೆ. 2020ರ ಲಾಕ್‌ಡೌನಿನಲ್ಲಿ ಕೆಲಸ ನಿಂತು, ಸೋಂಕು ಹೆಚ್ಚಿ, ಅವರು ಊರಿಗೆ ಮರಳಿದರು. ಆ ಮೇ ತಿಂಗಳಲ್ಲಿ ರಾಜ್ಯದ ದೈನಂದಿನ ಕೋವಿಡ್ ಪಟ್ಟಿಯಲ್ಲಿ ಮಂಡ್ಯ ಜಿಲ್ಲೆಯ ಹೆಸರು ಮೇಲಕ್ಕೆ ಏರಿತು. ಪ್ರಕರಣಗಳಲ್ಲಿ ಬಹುಪಾಲು ಮುಂಬೈಯಿಂದ ಬಂದವರದು, ಅದರಲ್ಲೂ ಕೆ.ಆರ್. ಪೇಟೆ ತಾಲ್ಲೂಕಿನವರದು. ಊರಿನ ಶಾಲೆ, ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾದವು. ಹುಟ್ಟಿದ ಊರಿಗೆ ಬಂದವರನ್ನು ಊರವರೇ ಅನುಮಾನದಿಂದ ನೋಡಿದ ದಿನಗಳವು.

1918ಕ್ಕೂ 2020ಕ್ಕೂ ಒಂದು ದೊಡ್ಡ ಅಂತರವಿತ್ತು. ಇನ್‌ಫ್ಲುಯೆಂಜಾ ವೈರಸ್ಸಿನ ಗುರುತು ಸಿಗಲು ಅಂದು 15 ವರ್ಷ ಬೇಕಾಯಿತು. ಕೋವಿಡ್ ವೈರಸ್ಸಿನ ಪೂರ್ಣ ಜೀನ್ ನಕ್ಷೆ 2020ರ ಜನವರಿ ಎರಡನೆಯ ವಾರವೇ ಜಗತ್ತಿನ ಕೈ ಸೇರಿತ್ತು. ಅದರಿಂದಲೇ ಮೂಗಿನ ದ್ರವದ ಪರೀಕ್ಷೆ ಸಾಧ್ಯವಾಯಿತು, ವರ್ಷದೊಳಗೆ ಲಸಿಕೆಯೂ ಬಂತು.

ಆದರೂ ಹಳೆಯ ತಪ್ಪು ಬೇರೆ ರೂಪದಲ್ಲಿ ಮರಳಿತು. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕೂ ಇದ್ದು ಆಂಟಿಬಯಾಟಿಕ್ ಬೇಕಾಗಿದ್ದವರು ಶೇ 8 ಮಂದಿ ಮಾತ್ರ, ಆದರೆ ಅದನ್ನು ಪಡೆದವರು ಸುಮಾರು ಶೇ 75 ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಿಳಿಸಿತು. 1918ರಲ್ಲಿ ಬೇಕಾಗಿದ್ದ ಮದ್ದು ಇರಲಿಲ್ಲ. 2020ರಲ್ಲಿ ಬೇಡದವರಿಗೂ ಕೊಟ್ಟೆವು. ಬೇಡದ ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಆ ಮದ್ದನ್ನು ಎದುರಿಸುವ ಪಾಠ ಹೇಳಿಕೊಡುತ್ತದೆ.

ಇಂದಿಗೂ ಅರ್ಧ ಕತ್ತಲೆ

ಈಗಂತೂ ಎಲ್ಲ ತಿಳಿದುಹೋಗಿದೆ ಎಂದುಕೊಂಡರೆ ಅದೂ ತಪ್ಪು. ಅಮೆರಿಕದಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 2,259 ವಯಸ್ಕರನ್ನು ಆಗಿನ ಅತ್ಯುತ್ತಮ ವಿಧಾನಗಳಿಂದ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಾಣು ಸಿಕ್ಕಿದ್ದು ಶೇ 38 ಮಂದಿಯಲ್ಲಿ ಮಾತ್ರ. ಅಷ್ಟು ಅನುಕೂಲವಿದ್ದ ಕಡೆಯೇ ಹೀಗಾದರೆ, ಹೋಬಳಿ ಮಟ್ಟದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ರೋಗಾಣುವಿನ ಹೆಸರು ತಿಳಿಯುವವರೆಗೆ ಕಾಯಲು ಸಾಧ್ಯವೇ? ಅವರು ರೋಗಿಯ ವಯಸ್ಸು, ಲಕ್ಷಣ, ಋತು ನೋಡಿ ಊಹಿಸಿ ಚಿಕಿತ್ಸೆ ಆರಂಭಿಸುತ್ತಾರೆ. ಅದು ಅನುಭವದ ಊಹೆ. ಮೆಡಿಕಲ್ ಸ್ಟೋರಿನ ಮುಂದೆ ನಿಂತು ‘ಕೆಮ್ಮು ಜ್ವರಕ್ಕೆ ಎರಡು ಮಾತ್ರೆ ಕೊಡಿ’ ಎನ್ನುವ ನಮ್ಮ ಊಹೆಗೂ ಅದಕ್ಕೂ ಅಜಗಜಾಂತರ.

ಹೆಸರು ತಿಳಿಯದಿದ್ದರೂ ಜೀವ ಉಳಿಸುವ ದಾರಿಗಳಿವೆ. ಒಂದು, ಉಸಿರು ಎಣಿಸುವುದು. ಮಗು ಸುಮ್ಮನಿದ್ದಾಗ ಒಂದು ಪೂರ್ತಿ ನಿಮಿಷ ಎದೆಯ ಏರಿಳಿತ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಮೊಲೆಹಾಲು ಬಿಟ್ಟರೆ, ತುಟಿ ನೀಲಿಯಾದರೆ ಎಣಿಸುತ್ತ ಕೂರುವಂತಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಕಾರ್ಯಕರ್ತರಿಗೇ ಈ ಎಣಿಕೆ ಕಲಿಸಿ, ಮದ್ದು ಕೊಡುವುದನ್ನೂ ಹೇಳಿಕೊಟ್ಟು ಮಕ್ಕಳ ಸಾವನ್ನು ತಗ್ಗಿಸಬಹುದೆಂದು 1990ರಲ್ಲೇ ತೋರಿಸಿಕೊಟ್ಟಿದ್ದರು.

ಎರಡನೆಯದು, ರೋಗಾಣು ಇಳಿಯುವ ಮೊದಲೇ ತಡೆಯುವುದು. ನ್ಯುಮೋಕಾಕಸ್‌ನಲ್ಲಿ ನೂರಕ್ಕೂ ಹೆಚ್ಚು ಉಪಬಗೆಗಳಿವೆ. ಅವುಗಳಲ್ಲಿ ಮುಖ್ಯವಾದವನ್ನು ತಡೆಯುವ ಪಿಸಿವಿ ಲಸಿಕೆ ನಮ್ಮ ದೇಶದ ಉಚಿತ ಲಸಿಕಾ ಕಾರ್ಯಕ್ರಮಕ್ಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಬಂತು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಮಗುವಿಗೆ 6 ವಾರ, 14 ವಾರ ಮತ್ತು 9 ತಿಂಗಳಿಗೆ ಇದನ್ನು ಕೊಡುತ್ತಾರೆ. ಫೈಫರ್ ಕಂಡ ಹೀಮೊಫಿಲಸ್‌ನ ಅಪಾಯಕಾರಿ ಬಗೆಯನ್ನು ತಡೆಯುವ ಅಂಶ ಪೆಂಟಾವೇಲೆಂಟ್ ಲಸಿಕೆಯಲ್ಲಿದೆ. ದಡಾರದ ಲಸಿಕೆಯೂ ನ್ಯುಮೋನಿಯಾವನ್ನು ತಡೆಯುತ್ತದೆ. ಇದರ ಜೊತೆ ಮೊದಲ ಆರು ತಿಂಗಳು ತಾಯಿಹಾಲು, ಹೊಗೆಯಿಲ್ಲದ ಅಡುಗೆಮನೆ, ಬೀಡಿ ಸಿಗರೇಟಿನಿಂದ ದೂರವಿರುವುದು ಇವೂ ಮದ್ದೇ.

ಶ್ರೀರಂಗಪಟ್ಟಣದ ಸ್ಮಶಾನದಲ್ಲಿ ಮಲಗಿರುವ ಮಕ್ಕಳಿಗೆ ಬಂದ ಕಾಯಿಲೆ ಯಾವುದೆಂದು ಈಗ ಯಾರೂ ಹೇಳಲಾರರು. 1918ರಲ್ಲಿ ಅತ್ತ ಕೆ.ಆರ್. ಪೇಟೆ, ಇತ್ತ ನಾಗಮಂಗಲದ ಮನೆಗಳಲ್ಲಿ ಸತ್ತವರಿಗೆ ‘ಜ್ವರ’ ಎಂಬುದಕ್ಕಿಂತ ಹೆಚ್ಚಿನ ಹೆಸರು ಸಿಗಲಿಲ್ಲ. ಈಗ ಅಂಗನವಾಡಿಗೆ ಬರುವ ತಾಯಿಯ ಕೈಯಲ್ಲಿನ ತಾಯಿ ಕಾರ್ಡಿನಲ್ಲಿ ಪಿಸಿವಿ ಎಂಬ ಮೂರಕ್ಷರವಿದೆ. ಅದು 1880ರಲ್ಲಿ ಎಂಜಲಿನಲ್ಲಿ ಕಂಡ ಆ ಜೋಡಿ ಜೀವಾಣುವಿನ ಹೆಸರೇ. ಅದರ ಮುಂದಿನ ಮೂರು ಮನೆಗಳಲ್ಲೂ ತಾರೀಖು ಬಿದ್ದಿದೆಯೇ ಎಂದು ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.